ಲಗ್ನಪತ್ರಿಕೆಯೂ ಪತ್ರಿಕೆಯೇ
(ಮಂಡ್ಯದಲ್ಲಿ ಪತ್ರಿಕಾ ದಿನಾಚರಣೆಯಂದು ಮಾಡಿದ ಉಪನ್ಯಾಸ)

ಅಧ್ಯಕ್ಷರೇ, ಬಂಧುಗಳೇ,

ಜುಲೈ 1 ಅಂದರೆ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಟ ದಿನ. 1843, ಜರ್ಮನ್ ಮಿಷನರಿ ಹರ್ಮನ್ ಮೋಗ್ಲಿಂಗ್, ಕಲ್ಲಚ್ಚು, ಹದಿನೈದು ದಿನಕ್ಕೊಂದು ಸಂಚಿಕೆ. ನಿಮಗೆಲ್ಲ ಇದು ಬಾಯಿಪಾಠ. ಹಾಗಾಗಿ ಅದನ್ನು ಅಲ್ಲಿಗೇ ಬಿಟ್ಟು ಒಂದು ಲಗ್ನಪತ್ರಿಕೆಯ ವಿಷಯ ಹೇಳುತ್ತೇನೆ. ಯಾಕೆ ನಗುತ್ತೀರಿ? ಅದೂ ಪತ್ರಿಕೆಯೇ ಅಲ್ವಾ?

ನಮ್ಮಪ್ಪನದು ಇದೇ ಊರಿನಲ್ಲಿ ಒಂದು ಸಣ್ಣ ಪ್ರೆಸ್ಸು. ಒಂದು ಟ್ರೆಡಲ್ ಮಿಷನ್ನು, ಕೆಲವು ಕೇಸು ಮೊಳೆ. ಮೊಳೆ ಅಂದರೆ ಸೀಸದ ಬಿಡಿ ಅಕ್ಷರ, ಕೇಸು ಅಂದರೆ ಅದನ್ನಿಡುವ ಖಾನೆ ಪೆಟ್ಟಿಗೆ. ಕಾಲಲ್ಲಿ ತುಳಿಯಬೇಕು, ಕೈಯಲ್ಲಿ ಕಾಗದ ಕೊಡಬೇಕು. ಒಂದು ಸಲ ಮದುವೆ ಸೀಸನ್ನಿನಲ್ಲಿ ಪಕ್ಕದ ಹಳ್ಳಿಯವರು ಬಂದರು. 'ಸುಖಾಗಮನ ಬಯಸುವವರು' ಅಂತ ಮೂವತ್ತೆಂಟು ಹೆಸರು. ಮಂಡ್ಯ ಸೀಮೆ, ಹೇಳಬೇಕೇ? ಮೂವತ್ತೆಂಟಕ್ಕೂ ಕೊನೆಯಲ್ಲಿ ಗೌಡ. ಇಪ್ಪತ್ತೊಂಬತ್ತನೇ ಗೌಡರ ಹತ್ತಿರ ಬರುವಷ್ಟರಲ್ಲಿ ಕೇಸಿನಲ್ಲಿ 'ಡ' ಖಾಲಿ!

'ಹೋಗೋ, ಪಕ್ಕದ ಬೀದಿ ಪ್ರೆಸ್ಸಲ್ಲಿ ಒಂದು ಹಿಡಿ ಡ ಈಸ್ಕೊಂಡ್ ಬಾ' ಅಂದರು ಅಪ್ಪ. ನನಗೆ ಆಗ ಹತ್ತು ವರ್ಷ. ಹೋದವನು ದಾರಿಯಲ್ಲಿ ಸಿನಿಮಾ ಪೋಸ್ಟರ್ ನೋಡುತ್ತಾ ನಿಂತೆ. ಬರುವ ಹೊತ್ತಿಗೆ ಕತ್ತಲಾಗಿತ್ತು. ಅಪ್ಪ ಆತುರದಲ್ಲಿ ಮೊಳೆ ಜೋಡಿಸಿ ಐನೂರು ಪ್ರತಿ ಒತ್ತಿದರು. ಮೂವತ್ತೇಳು ಗೌಡರಿದ್ದರು. ಒಬ್ಬರು ಇರಲಿಲ್ಲ. ಅವರೇ ಹುಡುಗನ ಚಿಕ್ಕಪ್ಪ.

ನೋಡಿ, ಆ ಮದುವೆಗೆ ಸೌದೆ ಒಟ್ಟಿದವರು, ಚಪ್ಪರ ಹಾಕಿಸಿದವರು ಅವರೇ. ಬಾಯಲ್ಲಿ ಕರೆದವರು ನೂರು ಜನ. ಆದರೂ ಮುನಿಸಿಕೊಂಡು ಕೂತರು. ಅಪ್ಪ ತಪ್ಪಾಯಿತೆಂದು ಅವರ ಹೆಸರು ಸೇರಿಸಿ ಒಂದೇ ಒಂದು ಪ್ರತಿ ಒತ್ತಿ, ಅರಿಶಿನ ಹಚ್ಚಿ, ಮನೆಗೇ ತೆಗೆದುಕೊಂಡು ಹೋದರು. ಆ ಯಜಮಾನರು ಓದಿ, ಮಡಿಸಿ ವಾಪಸ್ ಕೊಟ್ಟು ಅಂದರು: 'ನನ್ನೊಬ್ಬನಿಗೆ ಸರಿ ಮಾಡ್ಕೊಟ್ರೆ ಏನ್ ಬಂತಪ್ಪ? ಊರ್ನೋರ್ ಕೈಲಿರೋದ್ರಲ್ಲಿ ನಾನಿಲ್ವಲ್ಲ!'

ಮುದ್ರಣದ ಬಗ್ಗೆ ಇದಕ್ಕಿಂತ ಒಳ್ಳೆಯ ಉಪನ್ಯಾಸ ನಾನು ಕೇಳಿಲ್ಲ. ಇದು ಸೇರಿ. ಅಚ್ಚಿನ ಬಲ ಅಂದವಾದ ಅಕ್ಷರದಲ್ಲಿಲ್ಲ. ನನ್ನ ಕೈಯಲ್ಲಿರುವುದೇ ನಿಮ್ಮ ಕೈಯಲ್ಲೂ ಇದೆ, ಅದು ನಮ್ಮಿಬ್ಬರಿಗೂ ಗೊತ್ತು. ವಿಷಯ ಇಷ್ಟೇ. ಹಂಚಿದ ಮೇಲೆ ಅಳಿಸುವ ಹಾಗೂ ಇಲ್ಲ. ವಾಟ್ಸಾಪಿನವರು ಸ್ವಲ್ಪ ಗಮನಿಸಿ.

ಮೈಸೂರು ಸಂಸ್ಥಾನದ ದೊರೆತನಕ್ಕೂ ಇದು ಗೊತ್ತಿತ್ತು. ಸರ್ಕಾರವನ್ನು ಬೈಯುವವರು ಜಗಲಿ ಜಗಲಿಯಲ್ಲೂ ಇದ್ದರು. ಜಗಲಿಗೆ ಯಾರಾದರೂ ಕಾನೂನು ಮಾಡಿದರೇ? 1908ರಲ್ಲಿ ದಿವಾನ್ ಮಾಧವರಾಯರ ಕಾಲದಲ್ಲಿ ಕಾನೂನು ಬಂದದ್ದು ಪತ್ರಿಕೆಗಳಿಗೆ. 'ವೃತ್ತಾಂತ ಚಿಂತಾಮಣಿ', 'ಸಾಧ್ವಿ' ಪತ್ರಿಕೆಗಳನ್ನು ಹೊರಡಿಸಿದ ಎಂ. ವೆಂಕಟಕೃಷ್ಣಯ್ಯ, ಅಂದರೆ ತಾತಯ್ಯನವರಂಥವರು ಇದ್ದ ಕಾಲ ಅದು. ಪತ್ರಿಕೆ ನಡೆಸಲು ಸರ್ಕಾರದ ಅಪ್ಪಣೆ ಬೇಕಾಯಿತು. ಊರಿನವರ ಕೈಲಿರುವುದರಲ್ಲಿ ತಮ್ಮ ಹೆಸರು ಹೇಗಿದೆ ಅನ್ನುವ ಚಿಂತೆ. ನಮ್ಮ ಯಜಮಾನರದು ಹೆಸರಿಲ್ಲ ಅಂತ, ಇವರದು ಹೆಸರಿದೆ ಅಂತ!

ಅದರ ಮರುವರ್ಷವೇ, 1909ರಲ್ಲಿ, ಮೈಸೂರಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಅಚ್ಚಾಯಿತು. ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಗರಿಯ ಕಟ್ಟು ಅದು. ಅಲ್ಲಿನ ಪಂಡಿತ ಶಾಮಶಾಸ್ತ್ರಿಗಳು ಬಿಡಿಸಿ ಓದಿದರು. ಗರಿಯಲ್ಲೇ ಇದ್ದಿದ್ದರೆ ಲೈಬ್ರರಿಗೆ ಹೋದ ನಾಲ್ಕು ಪಂಡಿತರ ಸ್ವತ್ತು. ಅಚ್ಚಾದ ಮೇಲೆ...

ಚೀಟಿ ಬಂತು. ಐದೇ ನಿಮಿಷ ಅಂತೆ. ಮೈಸೂರಿನ ನೋಟು ಪ್ರೆಸ್ಸಿನ ಬಗ್ಗೆ ಹೇಳಬೇಕಿತ್ತು. 1996ರಿಂದ ಅಲ್ಲಿ ನೋಟು ಅಚ್ಚಾಗುತ್ತಿದೆ. ಎಲ್ಲರ ಜೇಬಿನಲ್ಲೂ ಒಂದೇ ಪಾಠ, ತಪ್ಪು ಹುಡುಕುವವರೂ ಜಾಸ್ತಿ. ಅದು ಇನ್ನೊಂದು ದಿನಕ್ಕಿರಲಿ.

ಆಗಲೇ ಮುಂದಿನ ಸಾಲಿಗೆ ಒಂದು ಮೊಳೆ ಕೊಟ್ಟಿದ್ದೆನಲ್ಲ, 'ಡ', ಯಾರ ಹತ್ತಿರ ಇದೆ? ದಯವಿಟ್ಟು ವಾಪಸ್ ಕೊಡಿ. ಅವತ್ತು ಪಕ್ಕದ ಬೀದಿಯಿಂದ ತಂದ ಸಾಲದ ಮೊಳೆ ಅದು, ಇನ್ನೂ ತೀರಿಸಿಲ್ಲ.