ಬಾಣಂತಿ ಕೋಣೆಗೆ ಬೆಳಕು ಬರಲಿ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಹಸುಗೂಸು ಇರುವವರು, ಅದರಲ್ಲೂ ರಾತ್ರಿಯೆಲ್ಲ ತೊಟ್ಟಿಲು ತೂಗಿ ಈಗ ಅಡುಗೆಮನೆಯಲ್ಲಿ ರೇಡಿಯೋ ಹಾಕಿಕೊಂಡು ಕೂತಿರುವ ಅಜ್ಜಿಯರು, ಸ್ವಲ್ಪ ಹತ್ತಿರ ಬನ್ನಿ. ನಾನು ಶಿವಮೊಗ್ಗದಲ್ಲಿ ಮಕ್ಕಳ ಡಾಕ್ಟರು. ತಾಯಂದಿರು ನನ್ನನ್ನು ಜಾಸ್ತಿ ಕೇಳುವುದು ಒಂದೇ ಮಾತು. "ಹಗಲೆಲ್ಲ ಮಲಗುತ್ತೆ, ರಾತ್ರಿಯೆಲ್ಲ ಎದ್ದಿರುತ್ತೆ, ಏನು ಮಾಡೋದು?" ನನ್ನ ಉತ್ತರವೂ ಒಂದೇ. ಹಗಲು ಬೆಳಕಲ್ಲಿಡಿ, ರಾತ್ರಿ ಕತ್ತಲಲ್ಲಿಡಿ.

ಹುಟ್ಟಿದ ಮಗು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತದೆ. ನಿದ್ದೆಗೇನೂ ಕೊರತೆಯಿಲ್ಲ, ಅದು ಚೂರು ಚೂರಾಗಿರುತ್ತದೆ ಅಷ್ಟೆ. ಹೊಟ್ಟೆ ಚಿಕ್ಕದು, ಎರಡು ಮೂರು ಗಂಟೆಗೊಮ್ಮೆ ಹಾಲು ಬೇಕು. ಅದರ ಜೊತೆಗೆ ಹಗಲು ಯಾವುದು, ರಾತ್ರಿ ಯಾವುದು ಅಂತ ಅದಕ್ಕೆ ಗೊತ್ತಿಲ್ಲ. ಬಸುರಿಯಾಗಿದ್ದಾಗಿನದು ನೆನಪು ಮಾಡಿಕೊಳ್ಳಿ. ನೀವು ಓಡಾಡುವಾಗ ಸುಮ್ಮನಿರುತ್ತಿತ್ತು, ನೀವು ಮಲಗಿದ ಕೂಡಲೇ ಒದೆಯುತ್ತಿತ್ತು, ಅಲ್ವಾ? ಮೈಯೊಳಗಿನ ಗಡಿಯಾರ ಒಂದು ದಾರಿಗೆ ಬರಲು ಎರಡು ಮೂರು ತಿಂಗಳು ಬೇಕು. ಆ ಗಡಿಯಾರಕ್ಕೆ ಕೀಲಿ ಕೊಡುವುದು ಕಣ್ಣಿಗೆ ಬೀಳುವ ಬೆಳಕು.

ತೀರ್ಥಹಳ್ಳಿ ಕಡೆಯ ಒಂದು ಮನೆಗೆ ಹೋಗಿದ್ದೆ. ಆಷಾಢ, ನಾಲ್ಕು ದಿನದಿಂದ ಬಿಡದ ಮಳೆ. ಬಾಣಂತಿ ಕೋಣೆಯ ಬಾಗಿಲು ತೆಗೆದರೆ ನನಗೆ ಏನೂ ಕಾಣಲಿಲ್ಲ. ಮಟಮಟ ಮಧ್ಯಾಹ್ನ! ಕಿಟಕಿ ಮುಚ್ಚಿ ಅದರ ಮೇಲೆ ಕಂಬಳಿ ಇಳಿಬಿಟ್ಟಿದ್ದರು. ಐದು ವಾರದ ಮಗು ತೊಟ್ಟಿಲಲ್ಲಿ ಹಾಯಾಗಿ ನಿದ್ದೆ ಮಾಡುತ್ತಿತ್ತು. ತಾಯಿಯ ಕಣ್ಣು ಮಾತ್ರ ಕೆಂಪಗಾಗಿತ್ತು. ರಾತ್ರಿ ಏನು ಮಾಡುತ್ತೀರಿ ಎಂದು ಕೇಳಿದೆ. ಮಗು ಕುಂಯ್ ಎಂದರೆ ಟ್ಯೂಬ್‌ಲೈಟ್ ಹಾಕುತ್ತಾರಂತೆ, ಅಜ್ಜಿ ಬರುತ್ತಾರೆ, ಚಿಕ್ಕಮ್ಮ ಬರುತ್ತಾರೆ, ಎಲ್ಲರೂ ಸೇರಿ ಮಾತಾಡಿಸುತ್ತಾರೆ. ನೋಡಿ, ಆ ಮಗುವಿಗೆ ಹಗಲೇ ರಾತ್ರಿ, ರಾತ್ರಿಯೇ ಹಗಲು.

ಕಿಟಕಿ ತೆಗೆಯಿರಿ ಎಂದೆ. "ಬಾಣಂತಿಗೆ ಗಾಳಿ ತಾಗಿದ್ರೆ ಆಗುತ್ತಾ ಡಾಕ್ಟ್ರೇ?" ಎಂದರು ಅಜ್ಜಿ. ಅವರ ಹೆದರಿಕೆ ನನಗೆ ಅರ್ಥವಾಗುತ್ತದೆ, ಆ ಮಳೆಯ ಶೀತ ಸಣ್ಣದಲ್ಲ. ಆಗ ತಲೆ ಎತ್ತಿ ನೋಡಿದೆ. ಮಾಡಿನಲ್ಲಿ ಒಂದು ಗಾಜಿನ ಹೆಂಚು ಇತ್ತು! ಪಾಚಿ ಕಟ್ಟಿ ಕಪ್ಪಾಗಿತ್ತು. ಮಳೆ ಸ್ವಲ್ಪ ಹೊಳವಾದಾಗ ಮಗುವಿನ ಮಾವ ಏಣಿ ಹಾಕಿ ಹತ್ತಿ, ತೆಂಗಿನ ನಾರಲ್ಲಿ ಉಜ್ಜಿದರು. ಕೆಂಪು ನೆಲದ ಮೇಲೆ ಬೆಳಕಿನ ಒಂದು ಚೌಕ ಬಿತ್ತು. ಎಚ್ಚರವಾಗಿದ್ದ ಮಗು ಆ ಕಡೆ ಮುಖ ತಿರುಗಿಸಿತು. ಅಜ್ಜಿ ನೋಡುತ್ತಾ ನಿಂತುಬಿಟ್ಟರು. ಆಮೇಲೆ ನಾನು ಹೆಚ್ಚು ಹೇಳಬೇಕಾಗಲಿಲ್ಲ. ರಾತ್ರಿ ಟ್ಯೂಬ್‌ಲೈಟ್ ನಿಂತಿತು. ಚಿಕ್ಕ ದೀಪ, ಹಾಲು, ಬಟ್ಟೆ ಒದ್ದೆಯಾಗಿದ್ದರೆ ಬದಲಾಯಿಸುವುದು, ಮತ್ತೆ ಮಲಗಿಸುವುದು. ಮಾತಿಲ್ಲ. ಮೂರು ವಾರಕ್ಕೆ ರಾತ್ರಿ ಒಂದು ನಿದ್ದೆ ನಾಲ್ಕು ಗಂಟೆ ಮುಟ್ಟಿತು.

ಆದ್ದರಿಂದ ಬೆಳಿಗ್ಗೆ ಕೋಣೆಗೆ ಬೆಳಕು ಬಿಡಿ. ಹಗಲು ಮಿಕ್ಸಿ ತಿರುಗಲಿ, ಪಾತ್ರೆ ಸದ್ದಾಗಲಿ, ಮಗು ಮಲಗಿದೆ ಅಂತ ಮನೆಮಂದಿಯೆಲ್ಲ ಪಿಸುಗುಟ್ಟಬೇಡಿ. ರಾತ್ರಿ ಮಾತ್ರ ಕತ್ತಲೆ. ಮೊಬೈಲ್ ಬೆಳಕೂ ಬೇಡ, ದಯವಿಟ್ಟು. ಮೊದಲ ಎರಡು ವಾರ ಉದ್ದ ನಿದ್ದೆಗೆ ಆಸೆ ಪಡಬೇಡಿ. ಹುಟ್ಟಿದಾಗಿನ ತೂಕ ಮತ್ತೆ ಬರುವವರೆಗೆ ಮೂರು ಗಂಟೆಗೊಮ್ಮೆ ಎಬ್ಬಿಸಿಯಾದರೂ ಹಾಲು ಕೊಡಿ.

ಸಮಯ ಕಡಿಮೆಯಿದೆ, ಉಳಿದದ್ದು ಬೇಗ ಹೇಳುತ್ತೇನೆ. ನಿದ್ದೆ ಬರಲಿ ಅಂತ ಬಜೆ, ಜೇನು, ಗ್ರೈಪ್ ವಾಟರ್ ನೆಕ್ಕಿಸಬೇಡಿ, ಆರು ತಿಂಗಳು ತಾಯಿ ಹಾಲು ಸಾಕು. ಯಾವಾಗಲೂ ಅಂಗಾತ ಮಲಗಿಸಿ, ಮುಖದ ಹತ್ತಿರ ದಿಂಬು, ದಪ್ಪ ಕಂಬಳಿ ಇಡಬೇಡಿ. ನಿಮಗಿಂತ ಒಂದು ಪದರ ಬಟ್ಟೆ ಜಾಸ್ತಿಯಿದ್ದರೆ ಮಗುವಿಗೆ ಬೆಚ್ಚಗಾಗುತ್ತದೆ. ಮಳೆಗಾಲದಲ್ಲಿ ಕೋಣೆಯೊಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಹಾಕುತ್ತೀರಲ್ಲ, ಅದನ್ನು ಇವತ್ತೇ ಹೊರಗೆ ಹಾಕಿ. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ವಾಸನೆಯೇ ಇಲ್ಲದ ವಿಷಗಾಳಿ ಬರುತ್ತದೆ. ಮಗುವಿನ ಬಟ್ಟೆ ಒಣಗಿಸಲು ಬೇಕಿದ್ದರೆ ಅಗ್ಗಿಷ್ಟಿಕೆ ಜಗಲಿಯಲ್ಲಿರಲಿ.

ನಮಸ್ಕಾರ.