ಬಂಧನವಾದವರು ಎಲ್ಲಿದ್ದಾರೆ? ಬೆಂಗಳೂರಿನಲ್ಲಿ ದಾಖಲೆ ಹುಡುಕುವ ಕ್ರಮ

ಕೇಳುಗರೇ, ನಮಸ್ಕಾರ.

ಮನೆಯ ಮಗನನ್ನೋ ತಮ್ಮನನ್ನೋ ಪೊಲೀಸರು ಕರೆದುಕೊಂಡು ಹೋಗಿದ್ದಾರೆ. ಯಾವ ಠಾಣೆ, ಯಾವ ಕೇಸು, ಒಂದೂ ಗೊತ್ತಿಲ್ಲ. ಮೊಬೈಲ್ ಸ್ವಿಚ್ ಆಫ್. ಇಂಥ ಹೊತ್ತಿನಲ್ಲಿ ಬೆಂಗಳೂರಿನಂಥ ಊರಿನಲ್ಲಿ ಬಂಧನದ ದಾಖಲೆ ಎಲ್ಲಿ ಸಿಗುತ್ತದೆ, ಯಾರನ್ನು ಏನೆಂದು ಕೇಳಬೇಕು ಎಂಬುದೇ ಇಂದಿನ ಮಾತು.

ಅಮೆರಿಕದ ಹಲವು ಊರುಗಳಲ್ಲಿ ಜೈಲಿಗೆ ಸೇರಿದವರ ಹೆಸರು, ಫೋಟೊ ಎಲ್ಲವೂ ಯಾರು ಬೇಕಾದರೂ ನೋಡುವಂತೆ ಅಂತರ್ಜಾಲದಲ್ಲಿ ಇರುತ್ತವೆ. ನಮ್ಮಲ್ಲಿನ ಕ್ರಮ ಬೇರೆ. ಇಲ್ಲಿ ಹೆಸರಿನಿಂದ ಹುಡುಕಲು ಹೊರಟವರು ದಾರಿ ತಪ್ಪುತ್ತಾರೆ. ಬೇಕಾದದ್ದು ಎರಡು: ಠಾಣೆಯ ಹೆಸರು ಮತ್ತು ಅಪರಾಧ ಸಂಖ್ಯೆ, ಅಂದರೆ ಕ್ರೈಂ ನಂಬರ್. ಇವೆರಡು ಸಿಕ್ಕರೆ ಎಫ್‌ಐಆರ್, ಬಂಧನದಲ್ಲಿಡಲು ಕೋರ್ಟ್ ಕೊಡುವ ರಿಮಾಂಡ್ ಆದೇಶ, ಜೈಲಿನ ವಿವರ ಒಂದರ ಹಿಂದೆ ಒಂದು ಸಿಗುತ್ತಾ ಹೋಗುತ್ತವೆ.

ಮೊದಲು ಠಾಣೆ. ನಿಮ್ಮ ಮನೆ ಇರುವ ಸರಹದ್ದಿನ ಠಾಣೆಯೇ ಆಗಿರಬೇಕೆಂದಿಲ್ಲ. ಘಟನೆ ನಡೆದ ಜಾಗದ ಠಾಣೆ ಇರಬಹುದು, ಸೈಬರ್ ಅಪರಾಧದ ಸೆನ್ ಠಾಣೆ ಇರಬಹುದು, ನಗರದ ಕೇಂದ್ರ ಅಪರಾಧ ವಿಭಾಗ ಸಿಸಿಬಿ ಇರಬಹುದು, ಹೊರರಾಜ್ಯದ ಪೊಲೀಸರೂ ಇರಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ 2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದ ಕಾನೂನು, ತನ್ನ 37ನೇ ಕಲಮಿನಲ್ಲಿ ಇದಕ್ಕೆಂದೇ ಒಂದು ವ್ಯವಸ್ಥೆ ಹೇಳಿದೆ. ಪ್ರತಿ ಜಿಲ್ಲೆಗೂ ಪೊಲೀಸ್ ಕಂಟ್ರೋಲ್ ರೂಮ್ ಇರಬೇಕು. ಪ್ರತಿ ಠಾಣೆಯಲ್ಲಿ ಎಎಸ್‌ಐ ದರ್ಜೆಗೆ ಕಡಿಮೆ ಇಲ್ಲದ ಒಬ್ಬ ಅಧಿಕಾರಿ ಬಂಧಿತರ ಹೆಸರು, ವಿಳಾಸ, ಆರೋಪದ ಸ್ವರೂಪ ಇಟ್ಟುಕೊಂಡಿರಬೇಕು. ಆ ಮಾಹಿತಿ ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಎದ್ದುಕಾಣುವಂತೆ ಪ್ರದರ್ಶನಗೊಳ್ಳಬೇಕು, ಡಿಜಿಟಲ್ ರೂಪದಲ್ಲಾದರೂ ಸರಿ. ಆದ್ದರಿಂದ ಠಾಣೆಗೆ ಹೋದಾಗ ಗೋಡೆಯ ಫಲಕ ನೋಡಿ. ಕಾಣದಿದ್ದರೆ "37ನೇ ಕಲಮಿನ ಪ್ರಕಾರ ಬಂಧಿತರ ಮಾಹಿತಿ ನೋಡಿಕೊಳ್ಳುವ ಅಧಿಕಾರಿ ಯಾರು ಸಾರ್" ಎಂದು ಕೇಳಿ. ಬರೀ "ನಮ್ಮ ಹುಡುಗ ಇದ್ದಾನಾ" ಎಂದು ಕೇಳುವುದಕ್ಕೂ ಕಲಮು ಹೇಳಿ ಕೇಳುವುದಕ್ಕೂ ಬರುವ ಉತ್ತರದಲ್ಲಿ ವ್ಯತ್ಯಾಸವಿದೆ. ಠಾಣೆಯೇ ತಿಳಿಯದಿದ್ದರೆ 112ಕ್ಕೆ ಕರೆ ಮಾಡಿ, ಇಲ್ಲವೇ ಇನ್‌ಫೆಂಟ್ರಿ ರಸ್ತೆಯ ಪೊಲೀಸ್ ಆಯುಕ್ತರ ಕಚೇರಿಯಲ್ಲಿ ವಿಚಾರಿಸಿ. ಕರೆ ಮಾಡಿದ ಸಮಯ ಬರೆದಿಡಿ.

ಇನ್ನೊಂದು ಮಾತು. ಹೇಳಿಕೆಗೆಂದು ಕರೆದವರೆಲ್ಲ ಬಂಧಿತರಲ್ಲ. 35ನೇ ಕಲಮಿನ 3ನೇ ಉಪಕಲಮಿನ ನೋಟಿಸ್ ಕೊಟ್ಟು ಕರೆಸಿದ್ದರೆ ಅದು ಹಾಜರಾಗಲು ಸೂಚನೆ ಅಷ್ಟೇ, ದಸ್ತಗಿರಿ ಅಲ್ಲ. ದಸ್ತಗಿರಿ ಆಗಿದ್ದರೆ ಕಾಗದ ಇರಲೇಬೇಕು. 36ನೇ ಕಲಮಿನ ಪ್ರಕಾರ ಬಂಧನದ ಮೆಮೊ ಬರೆಯಬೇಕು. ಅದಕ್ಕೆ ಮನೆಯವರೊಬ್ಬರು ಅಥವಾ ಆ ಸ್ಥಳದ ಗೌರವಸ್ಥರೊಬ್ಬರು ಸಾಕ್ಷಿಯಾಗಿ ಸಹಿ ಹಾಕಬೇಕು, ಬಂಧಿತನೂ ಸಹಿ ಹಾಕಬೇಕು. ನಿಮ್ಮನ್ನೇ ಸಾಕ್ಷಿಯಾಗಿ ಸಹಿ ಹಾಕಲು ಕೇಳಿದರೆ ದಿನಾಂಕದ ಜತೆ ಗಂಟೆಯನ್ನೂ ಓದಿಯೇ ಸಹಿ ಮಾಡಿ. ಮಧ್ಯಾಹ್ನ ಕರೆದುಕೊಂಡು ಹೋದವರ ಮೆಮೊದಲ್ಲಿ ರಾತ್ರಿಯ ಸಮಯವಿದ್ದರೆ, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲು ಇರುವ 24 ಗಂಟೆಯ ಲೆಕ್ಕವೇ ಬದಲಾಗಿಬಿಡುತ್ತದೆ. ಬಂಧನದ ಸುದ್ದಿಯನ್ನೂ ಇರಿಸಿರುವ ಜಾಗವನ್ನೂ ಕೂಡಲೇ ಮನೆಯವರಿಗೆ ಅಥವಾ ಬಂಧಿತ ಹೆಸರಿಸಿದವರಿಗೆ ತಿಳಿಸಬೇಕು, ತಿಳಿಸಿದ್ದನ್ನು ಠಾಣೆಯ ಪುಸ್ತಕದಲ್ಲಿ ನಮೂದಿಸಬೇಕು ಎನ್ನುತ್ತದೆ 48ನೇ ಕಲಮು. ಇದರ ಬೇರು 1996ರ ಡಿಸೆಂಬರ್‌ನಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಲ್ಲಿದೆ.

ಇನ್ನು ಎಫ್‌ಐಆರ್. 2016ರ ಸೆಪ್ಟೆಂಬರ್ 7ರಂದು ಸುಪ್ರೀಂ ಕೋರ್ಟ್ ಆದೇಶಿಸಿದಂತೆ, ಎಫ್‌ಐಆರ್ ಅನ್ನು 24 ಗಂಟೆಯೊಳಗೆ ಪೊಲೀಸ್ ಜಾಲತಾಣಕ್ಕೆ ಹಾಕಬೇಕು. ಸಂಪರ್ಕದ ತೊಂದರೆ ಇರುವಲ್ಲಿ 72 ಗಂಟೆವರೆಗೂ ಅವಕಾಶವಿದೆ. ಕರ್ನಾಟಕ ರಾಜ್ಯ ಪೊಲೀಸ್ ಜಾಲತಾಣದ ಎಫ್‌ಐಆರ್ ಹುಡುಕಾಟದಲ್ಲಿ ಜಿಲ್ಲೆ, ಠಾಣೆ, ಸಂಖ್ಯೆ, ವರ್ಷ ಕೊಡಬೇಕು. ಹೆಚ್ಚಿನವರು ಎಡವುವುದು ಜಿಲ್ಲೆಯಲ್ಲಿ. ಬೆಂಗಳೂರು ನಗರ ಬೇರೆ, ಗ್ರಾಮಾಂತರ ಭಾಗವನ್ನು ನೋಡಿಕೊಳ್ಳುವ ಬೆಂಗಳೂರು ಜಿಲ್ಲಾ ಪೊಲೀಸ್ ಬೇರೆ. ಅಪರಾಧ ಸಂಖ್ಯೆ ಪ್ರತಿ ಠಾಣೆಯಲ್ಲೂ ಪ್ರತಿ ಜನವರಿಗೆ ಒಂದರಿಂದ ಶುರುವಾಗುತ್ತದೆ, ಹಾಗಾಗಿ ವರ್ಷ ತಪ್ಪಿದರೆ ಯಾರದೋ ಕೇಸು ತೆರೆದುಕೊಳ್ಳುತ್ತದೆ. ಎಫ್‌ಐಆರ್ ಸಿಕ್ಕಿತು, ಆದರೆ ಅದರಲ್ಲಿ ನಿಮ್ಮವರ ಹೆಸರೇ ಇಲ್ಲ ಎಂದರೆ ಗಾಬರಿ ಬೇಡ. ದೂರು ಕೊಟ್ಟಾಗ ಆರೋಪಿ "ಅಪರಿಚಿತ" ಎಂದಿರಬಹುದು, ಹೆಸರು ತನಿಖೆಯಲ್ಲಿ ಸೇರಿರಬಹುದು. ಲೈಂಗಿಕ ಅಪರಾಧ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪೋಕ್ಸೊ, ಭಯೋತ್ಪಾದನೆಯಂಥ ಸೂಕ್ಷ್ಮ ಪ್ರಕರಣಗಳನ್ನು ಜಾಲತಾಣಕ್ಕೆ ಹಾಕುವುದಿಲ್ಲ. ಆಗ ಆರೋಪಿಯ ಪರವಾಗಿ ಠಾಣೆಗೆ ಅರ್ಜಿ ಕೊಟ್ಟು ಪ್ರತಿ ಕೇಳಬೇಕು, ನ್ಯಾಯಾಲಯದಿಂದ ಪಡೆಯುವ ದಾರಿಯೂ ಇದೆ. ಹದಿನೆಂಟು ತುಂಬದ ಮಕ್ಕಳ ಗುರುತು ಹೊರಹಾಕುವುದೇ ಅಪರಾಧ. ಅವರ ವಿಷಯ ಬಾಲನ್ಯಾಯ ಮಂಡಳಿಯ ಮುಂದೆ ಇರುತ್ತದೆ, ಜೈಲಿನ ಬಾಗಿಲಲ್ಲಿ ಹುಡುಕಬೇಡಿ.

ಬಂಧಿಸಿದ 24 ಗಂಟೆಯೊಳಗೆ, ಪ್ರಯಾಣದ ಸಮಯ ಬಿಟ್ಟು, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಸಂವಿಧಾನದ 22ನೇ ವಿಧಿ ಇದನ್ನು ಹೇಳಿದೆ. ಪ್ರತಿ ಠಾಣೆಗೂ ಗೊತ್ತಾದ ಒಂದು ಮ್ಯಾಜಿಸ್ಟ್ರೇಟ್ ಕೋರ್ಟ್ ಇರುತ್ತದೆ. ಬೆಂಗಳೂರಿನಲ್ಲಿ ನೃಪತುಂಗ ರಸ್ತೆ, ಮೇಯೋ ಹಾಲ್ ಹೀಗೆ ಬೇರೆ ಬೇರೆ ಆವರಣಗಳಿವೆ, ಆದ್ದರಿಂದ ಕೋರ್ಟ್ ನಂಬರನ್ನು ಠಾಣೆಯಲ್ಲೇ ಕೇಳಿಕೊಂಡು ಹೊರಡಿ. ಭಾನುವಾರ, ಹಬ್ಬದ ದಿನ ಆ ಕೋರ್ಟ್ ಮುಚ್ಚಿರುತ್ತದೆ, ಪ್ರಭಾರದಲ್ಲಿರುವ ಮ್ಯಾಜಿಸ್ಟ್ರೇಟರ ಮನೆಗೇ ಕರೆದೊಯ್ಯುತ್ತಾರೆ. ವಕೀಲರು ಇಲ್ಲದಿದ್ದರೆ ಕಾನೂನು ಸೇವೆಗಳ ಸಹಾಯವಾಣಿ 15100, ಬರೆದುಕೊಳ್ಳಿ, ಒಂದು ಐದು ಒಂದು ಸೊನ್ನೆ ಸೊನ್ನೆ. ಕಸ್ಟಡಿಯಲ್ಲಿರುವವರಿಗೆ ಆದಾಯದ ಮಿತಿ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ.

ಮುಂದಿನ ದಾಖಲೆಗೆ ಇ-ಕೋರ್ಟ್ಸ್ ಜಾಲತಾಣ ಅಥವಾ ಆ್ಯಪ್. ಕೇಸ್ ಸ್ಟೇಟಸ್‌ನಲ್ಲಿ ಎಫ್‌ಐಆರ್ ನಂಬರ್ ಎಂಬ ವಿಭಾಗ ತೆರೆದು ಕೋರ್ಟ್ ಆವರಣ, ಠಾಣೆ, ಸಂಖ್ಯೆ, ವರ್ಷ ತುಂಬಿ. ಕೇಸು ಕಂಡರೆ ಅದರ 16 ಅಕ್ಷರ ಅಂಕಿಗಳ ಗುರುತಿನ ಸಂಖ್ಯೆ ಸಿಎನ್‌ಆರ್ ಬರೆದುಕೊಳ್ಳಿ. ಮುಂದೆ ಅದೊಂದೇ ಸಾಕು. ಹೆಸರು ಹಾಕಿ ಹುಡುಕುವ ವಿಭಾಗವೂ ಇದೆ, ಆದರೆ ಬಸವರಾಜ, ಬಸವರಾಜು, ಬಸವರಾಜ್ ಮೂವರೂ ಕಂಪ್ಯೂಟರಿಗೆ ಬೇರೆ ಬೇರೆ ಮನುಷ್ಯರು. ಕೇಸು ಆನ್‌ಲೈನ್‌ನಲ್ಲಿ ಕಾಣದಿದ್ದರೆ ಕೋರ್ಟ್ ಕಚೇರಿಯ ಗುಮಾಸ್ತರ ಬಳಿ ಕ್ರೈಂ ನಂಬರ್ ಕೊಟ್ಟು ಕೇಳಿ. ಕೋರ್ಟಿನ ಕೇಸಿಗೆ ಸಿ.ಸಿ. ಸಂಖ್ಯೆ ಬರುವುದು ಪೊಲೀಸರ ಆರೋಪಪಟ್ಟಿ, ಅಂದರೆ ಚಾರ್ಜ್‌ಶೀಟ್, ಬಂದ ಮೇಲೆ, ಅಲ್ಲಿಯವರೆಗೆ ಕಡತ ಕ್ರೈಂ ನಂಬರಿನ ಮೇಲೆಯೇ ಓಡುತ್ತದೆ.

ಪೊಲೀಸರ ವಶಕ್ಕಲ್ಲದೆ ಜೈಲಿಗೆ ಕಳುಹಿಸುವ ನ್ಯಾಯಾಂಗ ಬಂಧನ ಎಂದಾದರೆ ಬೆಂಗಳೂರಿನವರನ್ನು ಸಾಮಾನ್ಯವಾಗಿ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹಕ್ಕೆ ಕಳುಹಿಸುತ್ತಾರೆ. ಅಲ್ಲಿ ವಿಚಾರಣಾಧೀನ ಕೈದಿಗೆ ಒಂದು ಯುಟಿಪಿ ಸಂಖ್ಯೆ ಕೊಡುತ್ತಾರೆ. ಭೇಟಿಗೆ ಅರ್ಜಿ ಹಾಕಲು ಇ-ಮುಲಾಕಾತ್ ಎಂಬ ಆನ್‌ಲೈನ್ ದಾರಿ ಇದೆ, ಕೈದಿಯ ತಂದೆಯ ಹೆಸರು, ನಿಮ್ಮ ಗುರುತಿನ ಚೀಟಿ ಕೈಯಲ್ಲಿರಲಿ. "ಇಲ್ಲಿಲ್ಲ" ಎಂಬ ಉತ್ತರ ಬಂದರೆ ತಕ್ಷಣ ಸುಳ್ಳೆಂದುಕೊಳ್ಳಬೇಡಿ. ಹೊಸ ಕಾನೂನಿನಲ್ಲಿ 15 ದಿನದ ಪೊಲೀಸ್ ಕಸ್ಟಡಿಯನ್ನು ಒಂದೇ ಸಲಕ್ಕೆ ತೆಗೆದುಕೊಳ್ಳಬೇಕೆಂದಿಲ್ಲ, ಅಪರಾಧಕ್ಕೆ ತಕ್ಕಂತೆ ಮೊದಲ 40 ಅಥವಾ 60 ದಿನಗಳಲ್ಲಿ ಬಿಡಿಬಿಡಿಯಾಗಿಯೂ ಪಡೆಯಬಹುದು. ಜೈಲಿನಲ್ಲಿರುವವರನ್ನು ಇನ್ನೊಂದು ಕೇಸಿಗೆ ಕರೆಸುವ ಬಾಡಿ ವಾರಂಟ್ ಮೇಲೆ ಬೇರೆ ಠಾಣೆಯವರು ಕರೆದೊಯ್ದಿರಲೂಬಹುದು. ಎರಡಕ್ಕೂ ಕೋರ್ಟಿನ ಆದೇಶ ಬೇಕೇ ಬೇಕು, ಆ ಆದೇಶವನ್ನು ಕೋರ್ಟಿನಲ್ಲೇ ನೋಡಿ.

ಠಾಣೆಯವರು ಬಾಯೇ ಬಿಡದಿದ್ದರೆ? ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯನ್ನು ಆರ್‌ಟಿಐ ಅಡಿ 48 ಗಂಟೆಯೊಳಗೆ ಕೊಡಬೇಕು. ಅರ್ಜಿಯ ಮೇಲ್ಭಾಗದಲ್ಲೇ 7ನೇ ಕಲಮಿನ 1ನೇ ಉಪಕಲಮು ಎಂದು ಬರೆಯಿರಿ, ಹತ್ತು ರೂಪಾಯಿ ಶುಲ್ಕ ಲಗತ್ತಿಸಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಆದರೆ 24 ಗಂಟೆ ಕಳೆದೂ ಕೋರ್ಟಿಗೆ ಹಾಜರುಪಡಿಸದಿದ್ದರೆ ಆರ್‌ಟಿಐಗೆ ಕಾಯಬೇಡಿ. ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್, ಅಂದರೆ ಹಿಡಿದಿಟ್ಟವರನ್ನು ಕೋರ್ಟಿಗೆ ಹಾಜರುಪಡಿಸಿ ಎಂದು ಕೇಳುವ ಅರ್ಜಿ, ಹಾಕಬೇಕಾದ ಹೊತ್ತು ಅದು, ನೀವು ಬರೆದಿಟ್ಟ ಸಮಯಗಳು ಆಗ ಬೇಕಾಗುತ್ತವೆ.

"ನಿಮ್ಮ ಮಗ ಅರೆಸ್ಟ್ ಆಗಿದ್ದಾನೆ, ಹಣ ಹಾಕಿ ಬಿಡಿಸಿಕೊಳ್ಳಿ" ಎಂದು ಯಾರಾದರೂ ಫೋನ್ ಮಾಡಿದರೆ ಠಾಣೆ ಮತ್ತು ಕ್ರೈಂ ನಂಬರ್ ಕೇಳಿ, ಕರೆ ಕಡಿದು, ಆ ಠಾಣೆಗೆ ನೀವೇ ಬೇರೆಯಾಗಿ ವಿಚಾರಿಸಿ. ವಿಡಿಯೊ ಕರೆಯಲ್ಲೇ ಬಂಧಿಸಿದ್ದೇವೆಂದು ಹೆದರಿಸುವ ಡಿಜಿಟಲ್ ಅರೆಸ್ಟ್ ಎಂಬುದು ಯಾವ ಕಾನೂನಿನಲ್ಲೂ ಇಲ್ಲ. ಹಣ ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಾಗೆಯೇ, ನಿಜವಾದ ಎಫ್‌ಐಆರ್ ಸಿಕ್ಕಾಗಲೂ ಅದನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಅದು ಆರೋಪ ಮಾತ್ರ.

ಕೊನೆಯದಾಗಿ, ಮೊದಲ ರಿಮಾಂಡ್ ಆದೇಶದ ಪ್ರಮಾಣಿತ ಪ್ರತಿಗೆ ಆ ವಾರದಲ್ಲೇ ಅರ್ಜಿ ಹಾಕಿ. 60 ದಿನದಲ್ಲಿ, ಹತ್ತು ವರ್ಷ ಅಥವಾ ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಲ್ಲಿ 90 ದಿನದಲ್ಲಿ, ಆರೋಪಪಟ್ಟಿ ಬರದಿದ್ದರೆ ಜಾಮೀನು ಕೇಳುವುದು ಹಕ್ಕು. ಎಣಿಕೆ ಶುರುವಾಗುವುದು ಬಂಧನದ ದಿನದಿಂದಲ್ಲ, ರಿಮಾಂಡ್ ದಿನದಿಂದ, ಆ ದಿನವನ್ನೂ ಸೇರಿಸಿ. ಆರೋಪಪಟ್ಟಿ ಬಂದುಬಿಟ್ಟ ಮೇಲೆ ಅರ್ಜಿ ಕೊಟ್ಟರೆ ಆ ಹಕ್ಕು ಉಳಿಯುವುದಿಲ್ಲ. ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕಾದದ್ದು ಆ 60ನೇ ಅಥವಾ 90ನೇ ದಿನವನ್ನೇ.

ನಮಸ್ಕಾರ.