ಹೊಗೆ ಕಂಡಾಗಲೇ ಹೊರಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಅಗ್ನಿಶಾಮಕ ಇಲಾಖೆಯಲ್ಲಿ 31 ವರ್ಷ ದುಡಿದು ನಿವೃತ್ತನಾದವನು ನಾನು. ಮಲೆನಾಡಿನಲ್ಲಿ ಕಾಡಿನ ಅಂಚಿಗೆ ಒಂಟಿಮನೆ ಮಾಡಿಕೊಂಡವರು ರೇಡಿಯೊ ಹತ್ತಿರ ಕೂತಿದ್ದೀರಿ ಅಂದುಕೊಂಡೇ ಮಾತಾಡುತ್ತೇನೆ. ಹೇಳಬೇಕಾದ್ದು ಒಂದೇ ಒಂದು. ಕಾಡಿಗೆ ಬೆಂಕಿ ಬಿದ್ದರೆ ಹೊಗೆ ಕಂಡಾಗಲೇ ಮನೆ ಬಿಡಿ. ಬೆಂಕಿ ಕಾಣಲಿ, ಆಮೇಲೆ ನೋಡೋಣ ಅನ್ನಬೇಡಿ.

"ಅದು ಆಚೆ ಗುಡ್ಡದ್ದು ಸಾರ್, ಪ್ರತಿ ವರ್ಷಾ ಬೆಂಕಿ ಬೀಳ್ತದೆ, ಹಳ್ಳ ದಾಟಲ್ಲ." ಈ ಮಾತನ್ನು ಎಷ್ಟು ಅಂಗಳದಲ್ಲಿ ಕೇಳಿದ್ದೇನೋ! ಫೆಬ್ರವರಿ, ಮಾರ್ಚ್‌ನಲ್ಲಿ ನೆಲದ ತುಂಬ ತರಗೆಲೆ, ಗುಡ್ಡದ ತುಂಬ ಒಣಹುಲ್ಲು. ಗಾಳಿ ಎದ್ದರೆ ಹಳ್ಳ ಯಾವ ಲೆಕ್ಕ? ಕಿಡಿ ಹಾರಿ ಬಂದು ನಿಮ್ಮ ಹುಲ್ಲಿನ ಬಣವೆ ಮೇಲೆ ಕೂರುತ್ತದೆ. ಬೆಂಕಿ ಇನ್ನೂ ಆಚೆ ದಡದಲ್ಲಿರುವಾಗಲೇ ಕೊಟ್ಟಿಗೆ ಹತ್ತಿಕೊಂಡಿರುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪ್ಯಾರಡೈಸ್ ಅಂತ ಒಂದು ಊರು. 2018ರ ನವೆಂಬರ್ 8, ಬೆಳಗ್ಗೆ 6.30ರ ಸುಮಾರಿಗೆ ಕೆಲವು ಮೈಲಿ ಆಚೆ ವಿದ್ಯುತ್ ತಂತಿಯಿಂದ ಬೆಂಕಿ ಹತ್ತಿತು. 8 ಗಂಟೆ ಹೊತ್ತಿಗೆ ಊರೊಳಗೆ ಬಂದಿತ್ತು. 85 ಜನ ಸತ್ತರು. ಅಲ್ಲಿ ಟಾರು ರಸ್ತೆ ಇತ್ತು, ಮನೆಮನೆಗೂ ಕಾರಿತ್ತು. ಎಲ್ಲರೂ ಒಟ್ಟಿಗೇ ಹೊರಟಾಗ ರಸ್ತೆ ಕಟ್ಟಿಕೊಂಡಿತು, ಕೆಲವರು ಕಾರಿನೊಳಗೇ ಸುಟ್ಟುಹೋದರು. ಇನ್ನು ನಮ್ಮ ಮಣ್ಣುರಸ್ತೆಯ ಮಾತು ಹೇಳಬೇಕೆ?

ಸುಮಾರು 20 ವರ್ಷದ ಹಿಂದೆ, ಮಾರ್ಚ್ ತಿಂಗಳು. ಚಿಕ್ಕಮಗಳೂರು ಜಿಲ್ಲೆಯ ಒಂದು ಒಂಟಿಮನೆ. ನಮ್ಮ ಗಾಡಿ ಮೇಲೆ ಹತ್ತಲಿಲ್ಲ, ಕೆಳಗೆ ನಿಲ್ಲಿಸಿ ಓಡಿದೆವು. ಯಜಮಾನರು ಅಂಗಳದಲ್ಲಿ ನಿಂತು ಹೊಗೆ ನೋಡುತ್ತಿದ್ದರು. ಬೆಳಗ್ಗೆ 11ರಿಂದ ನೋಡುತ್ತಲೇ ಇದ್ದಾರೆ! ಗಾಳಿ ತಿರುಗಿದ್ದು 2 ಗಂಟೆಗೆ. ನಾವು ಮುಟ್ಟುವ ಹೊತ್ತಿಗೆ ಸೋಗೆ ಹೊದಿಸಿದ ಕೊಟ್ಟಿಗೆಯ ಒಂದು ಮೂಲೆ ಉರಿಯುತ್ತಿತ್ತು, ಒಳಗೆ ನಾಲ್ಕು ದನ. ಕಣ್ಣಿ ಬಿಚ್ಚೋಣವೆಂದು ನುಗ್ಗಿದೆ. ಹೆದರಿದ ದನ ಜಗ್ಗಿ ಜಗ್ಗಿ ಗಂಟು ಕಲ್ಲಾಗಿತ್ತು. ಉಗುರು ಕಿತ್ತುಬಂತೇ ಹೊರತು ಗಂಟು ಬಿಚ್ಚಲಿಲ್ಲ. ಆಗ ಆ ಮನೆಯ ಅಜ್ಜಿ, ಎಪ್ಪತ್ತು ದಾಟಿರಬೇಕು, ಕತ್ತಿ ಹಿಡಿದುಕೊಂಡು ಬಂದವರೇ ನಾಲ್ಕೇ ಏಟಿಗೆ ನಾಲ್ಕು ಹಗ್ಗ ಕಡಿದರು. ದನ ಹೊರಗೆ ಓಡಿದ ಕೂಡಲೇ ಕೊಟ್ಟಿಗೆ ಬಾಗಿಲು ಎಳೆದು ಅಗುಳಿ ಹಾಕಿದರು. ಉರಿಯುವ ಕೊಟ್ಟಿಗೆಗೆ ಅಗುಳಿ ಯಾಕಜ್ಜಿ ಅಂದೆ. "ಹೆದರಿದ ದನ ಮತ್ತೆ ಗೂಟಕ್ಕೇ ಬರ್ತದೆ ಮಗಾ" ಅಂದರು. ಹಾಗೇ ಆಯಿತು. ಕೆಂದ ಬಣ್ಣದ ಒಂದು ಹಸು ತಿರುಗಿ ಬಂದು ಮುಚ್ಚಿದ ಬಾಗಿಲಿಗೆ ಹಣೆ ಹೊಡೆಯಿತು. ಬಾಗಿಲು ತೆರೆದಿದ್ದರೆ ಅದರ ಗತಿ?

ಅಷ್ಟರಲ್ಲಿ ಯಜಮಾನರು ಕಾಣಲಿಲ್ಲ. ಪಹಣಿ ಪತ್ರದ ಟ್ರಂಕಿಗಾಗಿ ಅಟ್ಟ ಹತ್ತಿದ್ದರು! ಕಾಲು ಹಿಡಿದು ಎಳೆದು ತಂದೆವು. ಜೀವ ಉಳಿಯಿತು, ಎರಡೂ ಅಂಗೈ ಸುಟ್ಟುಹೋದವು. 11 ಗಂಟೆಗೇ ಹೊರಟಿದ್ದರೆ ಟ್ರಂಕೂ ಬರುತ್ತಿತ್ತು, ಕೈಯೂ ಉಳಿಯುತ್ತಿತ್ತು. ಅದಕ್ಕೇ ಮತ್ತೆ ಮತ್ತೆ ಹೇಳುವುದು, ಹೊಗೆ ಕಂಡಾಗಲೇ ಹೊರಡಿ.

ಸಮಯ ಆಗುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಸಂಕ್ರಾಂತಿ ಕಳೆದ ಮೇಲೆ ಮೊದಲ ಮಳೆಯವರೆಗೂ ಪಹಣಿ, ಆಧಾರ್, ಪಾಸ್‌ಬುಕ್, ಮನೆಯವರ ಮಾತ್ರೆ ಒಂದು ಚೀಲದಲ್ಲಿ ಹಾಕಿ ಬಾಗಿಲ ಹಿಂದೆ ನೇತುಹಾಕಿ. ಹೊರಡುವಾಗ ಗ್ಯಾಸ್ ಬಂದ್ ಮಾಡಿ, 112ಕ್ಕೆ ಫೋನ್ ಮಾಡಿ. ಮೈಮೇಲೆ ಹತ್ತಿ ಬಟ್ಟೆ ಇರಲಿ, ನೈಲಾನ್ ಸೀರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಗುಡ್ಡ ಹತ್ತಬೇಡಿ, ರಸ್ತೆ ಕಡೆ ಇಳಿಯಿರಿ. ಬೆಂಕಿ ಏರಿನಲ್ಲಿ ನಿಮಗಿಂತ ಜೋರಾಗಿ ಓಡುತ್ತದೆ. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ಕುರಂಗಣಿ ಗುಡ್ಡದಲ್ಲಿ ಚಾರಣಕ್ಕೆ ಹೋದ 20ಕ್ಕೂ ಹೆಚ್ಚು ಜನ ಬೆಂಕಿಗೆ ಸಿಕ್ಕಿ ತೀರಿಕೊಂಡರು, ಹೆಚ್ಚಿನವರು ಯುವಕ ಯುವತಿಯರು. ಬಿಟ್ಟುಬಂದ ಮನೆಗೆ ಏನೋ ಮರೆತೆ ಅಂತ ವಾಪಸು ಹೋಗಬೇಡಿ. ಅಜ್ಜ ಅಜ್ಜಿ, ಮಕ್ಕಳು ಮೊದಲು ಹೊರಡಲಿ.

ಆ ಅಜ್ಜಿಯ ಕತ್ತಿ ಕೊಟ್ಟಿಗೆ ಬಾಗಿಲ ಪಕ್ಕದ ಕಂಬಕ್ಕೇ ಸಿಕ್ಕಿಸಿತ್ತು, ಹುಡುಕಬೇಕಾಗಿರಲಿಲ್ಲ. ನಿಮ್ಮ ಕೊಟ್ಟಿಗೆಯಲ್ಲೂ ಒಂದು ಇವತ್ತೇ ಸಿಕ್ಕಿಸಿಡಿ. ನಮಸ್ಕಾರ.